ಬೆಳಿಗ್ಗೆ ನೇತ್ರಾಣಿ, ಸಂಜೆ ಕೊಡಚಾದ್ರಿ: ಲೆಕ್ಕ ಯಾರದ್ದು?



ಕೊಡಚಾದ್ರಿಗೆ ಹೋದವರಿಗೆ ಹೊಸನಗರ ತಾಲ್ಲೂಕಿನ ನಿಟ್ಟೂರು ಗೊತ್ತಿರುತ್ತೆ. ಅಲ್ಲಿಂದ ನಾಗೋಡಿ ಘಾಟಿ ಇಳಿದರೆ ಕೊಲ್ಲೂರು, ಮುಂದೆ ಬೈಂದೂರು, ಭಟ್ಕಳ, ಮುರುಡೇಶ್ವರ. ಮುರುಡೇಶ್ವರದಿಂದ ದೋಣಿ ಹತ್ತಿದರೆ ನೇತ್ರಾಣಿ ದ್ವೀಪ. 2022ರಲ್ಲಿ ತೆರೆಕಂಡ ಅಪ್ಪು ಅವರ ‘ಗಂಧದ ಗುಡಿ’ಯಲ್ಲಿ ಆ ನೀರೊಳಗಿನ ಲೋಕವನ್ನು ನಾಡೆಲ್ಲ ನೋಡಿತು. ಹಾಗಾಗಿ ನಕ್ಷೆ ಬಿಡಿಸಿದವರಿಗೆ ಒಂದು ಆಸೆ ಹುಟ್ಟುತ್ತೆ. ಬೆಳಿಗ್ಗೆ ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್, ಮಧ್ಯಾಹ್ನ ಘಾಟಿ ಹತ್ತಿ ನಿಟ್ಟೂರು, ಸಂಜೆ ಜೀಪಿನಲ್ಲಿ ಕೊಡಚಾದ್ರಿ, ಸೂರ್ಯಾಸ್ತ. ಒಂದೇ ದಿನದಲ್ಲಿ ಎರಡೂ ಮುಗೀತು!

ದಯವಿಟ್ಟು ಹಾಗೆ ಮಾಡಬೇಡಿ.

‘ನಮ್ಮ ಜೊತೆ ಗೈಡ್ ಇರ್ತಾರಲ್ಲ’ ಅಂತೀರಿ. ಇರ್ತಾರೆ, ಇರಲೇಬೇಕು. ಮೊದಲ ಸಲ ನೀರಿಗಿಳಿಯುವವರಿಗೆ ತರಬೇತುದಾರರೇ ಸರ್ವಸ್ವ. ಅಂಥವರನ್ನು 12 ಮೀಟರ್‌ಗಿಂತ ಕೆಳಗೆ ಕರೆದೊಯ್ಯಬಾರದು ಅನ್ನೋದು ಈ ಕ್ಷೇತ್ರದ ನಿಯಮ. ಅಲ್ಲಿ ಸ್ವಂತ ಪ್ಲಾನ್ ಅನ್ನುವ ಮಾತೇ ಬೇಡ.

ಆದರೆ ಕೋರ್ಸ್ ಮುಗಿಸಿ, ಸರ್ಟಿಫಿಕೇಟ್ ಪಡೆದು, 18 ಮೀಟರ್‌ವರೆಗೆ ಹೋಗಬಹುದಾದವರ ವಿಷಯ ಬೇರೆ. ಇವರಲ್ಲಿ ಎರಡು ಪಂಗಡ. ಗೈಡ್ ಹಿಂದೆ ಗುಂಪಿನಲ್ಲಿ ಹೋಗೋದೇ ಸುರಕ್ಷಿತ ಅನ್ನೋರು ಒಂದು ಕಡೆ. ಜೊತೆಗಾರನ ಸಂಗಡ ನಮ್ಮ ಪ್ಲಾನ್ ನಾವೇ ಹಾಕ್ಕೋತೀವಿ ಅನ್ನೋರು ಇನ್ನೊಂದು ಕಡೆ. ಇಬ್ಬರ ಮಾತಲ್ಲೂ ಹುರುಳಿದೆ. ಸೆಳೆತ ಎಲ್ಲಿದೆ, ದೋಣಿ ಎಲ್ಲಿ ನಿಂತಿದೆ ಅನ್ನೋದು ಗೈಡ್‌ಗೆ ಗೊತ್ತು. ಆದರೆ ನಿಮ್ಮ ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಅನ್ನೋದು ಗೊತ್ತಿರೋದು ನಿಮ್ಮ ಮೀಟರಿಗೆ ಮಾತ್ರ. ಆರು ಜನ ಒಟ್ಟಿಗೆ ಇಳಿದರೂ ಆರು ಜನರ ಉಸಿರು ಒಂದೇ ಅಲ್ಲ. ಹೆದರಿದವನ ಗಾಳಿ ಬೇಗ ಖಾಲಿಯಾಗುತ್ತೆ. ಗೈಡ್ 15 ಮೀಟರಿನಲ್ಲಿದ್ದಾಗ ನೀವು ಮೀನು ನೋಡ್ತಾ 18ಕ್ಕೆ ಇಳಿದಿದ್ದರೆ, ನಿಮ್ಮ ಮೈಯ ಲೆಕ್ಕವೇ ಬೇರೆ.

ಏನಿದು ಲೆಕ್ಕ? ನಾನು ಇಂಜಿನಿಯರಿಂಗ್ ಓದಿ ಟೀವಿಗೆ ಬಂದವನು, ಸರಳವಾಗಿ ಹೇಳ್ತೀನಿ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಒಂದು ವಾತಾವರಣದಷ್ಟು ಒತ್ತಡ ಸೇರಿಕೊಳ್ಳುತ್ತೆ. ಆ ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಮಾಂಸಖಂಡದಲ್ಲಿ ಕರಗಿ ಕೂರುತ್ತೆ. ಗೋಲಿ ಸೋಡಾ ನೆನಪು ಮಾಡಿಕೊಳ್ಳಿ. ಗೋಲಿ ಒತ್ತಿದ ತಕ್ಷಣ ಒತ್ತಡ ಇಳಿದು ಗುಳ್ಳೆ ಬುಸ್ ಅಂತ ಏಳುತ್ತಲ್ಲ, ಮೈಯೊಳಗೂ ಹಾಗೇ ಆಗಬಹುದು. ಅದಕ್ಕೇ ನಿಧಾನವಾಗಿ ಮೇಲೆ ಬರಬೇಕು, 5 ಮೀಟರಿನಲ್ಲಿ 3 ನಿಮಿಷ ನಿಲ್ಲಬೇಕು ಅಂತ ಕಲಿಸೋದು. ಬ್ರಿಟನ್ನಿನ ವಿಜ್ಞಾನಿ ಹಾಲ್ಡೇನ್ ಮೇಕೆಗಳ ಮೇಲೆ ಪ್ರಯೋಗ ಮಾಡಿ 1908ರಲ್ಲೇ ಇದರ ಕೋಷ್ಟಕ ಕೊಟ್ಟಿದ್ದರು.

ದೋಣಿ ಹತ್ತಿದ ಕೂಡಲೇ ಈ ಲೆಕ್ಕ ಮುಗಿಯಲ್ಲ. ಉಳಿದ ನೈಟ್ರೋಜನ್ ಹೊರಹೋಗೋಕೆ ಗಂಟೆಗಟ್ಟಲೆ ಬೇಕು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಎರಡು ಮೂರು ಆಗಿದ್ದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬೇಡಿ ಅನ್ನೋದು ಡೈವಿಂಗ್ ವೈದ್ಯರ ಸಲಹೆ. ಎತ್ತರ 2,000 ಅಡಿ ದಾಟಿದರೆ ಈ ಎಚ್ಚರ ಬೇಕು. ಕೊಡಚಾದ್ರಿ 1,343 ಮೀಟರ್. ಅಂದರೆ ಸುಮಾರು 4,400 ಅಡಿ! ಮೈಗೆ ವಿಮಾನವೂ ಒಂದೇ, ಜೀಪೂ ಒಂದೇ. ಒತ್ತಡ ಕಡಿಮೆಯಾಗಿದೆ ಅನ್ನೋದಷ್ಟೇ ಅದಕ್ಕೆ ತಿಳಿಯೋದು.

ಇನ್ನೂ ಒಂದು ಅಪಾಯವಿದೆ. ಈ ತೊಂದರೆಯ ಲಕ್ಷಣ ಏನು ಗೊತ್ತಾ? ಕೀಲು ನೋವು, ಸುಸ್ತು, ಜುಮ್ಮೆನ್ನುವುದು. ಬೆಟ್ಟ ಹತ್ತಿದವನಿಗೆ ಮಂಡಿ ನೋವು, ಸುಸ್ತು ಇದ್ದೇ ಇರುತ್ತೆ. ‘ನಡೆದಿದ್ದಕ್ಕೆ ಹೀಗಾಗಿದೆ’ ಅಂತ ಒಂದು ಮಾತ್ರೆ ನುಂಗಿ ಮಲಗಿದರೆ ಅಮೂಲ್ಯ ಸಮಯ ಹೋಯ್ತು. ಅಂಥ ನೋವು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ‘ಡಾಕ್ಟ್ರೇ, ನಾನು ಸಮುದ್ರದಲ್ಲಿ ಡೈವ್ ಮಾಡಿ ಬಂದಿದ್ದೀನಿ’ ಅಂತ ಮೊದಲು ಹೇಳಿ. ಆಮ್ಲಜನಕವೇ ಅದಕ್ಕೆ ಪ್ರಥಮ ಚಿಕಿತ್ಸೆ.

ಈಗ ಹೇಳಿ, ನಿಮ್ಮ ಸಂಜೆಯ ಪ್ಲಾನ್ ಮುರುಡೇಶ್ವರದ ಗೈಡ್‌ಗೆ ಹೇಗೆ ಗೊತ್ತಾಗಬೇಕು? ನೀವು ಹೇಳದಿದ್ದರೆ ಗೊತ್ತಾಗಲ್ಲ. ದಡಕ್ಕೆ ಬಂದ ಮೇಲೆ ಅವರು ಇನ್ನೊಂದು ಗುಂಪಿಗೆ ಗೈಡ್. ನಿಮ್ಮ ಮೈಗೆ ಮಾತ್ರ ನೀವೇ ಗೈಡ್. ಹಾಗಾಗಿ ಗುಂಪೋ ಸ್ವಂತ ಪ್ಲಾನೋ ಅನ್ನುವ ಜಗಳವೇ ಅರ್ಧ ಸುಳ್ಳು. ಗುಂಪಿನಲ್ಲಿ ಹೋಗಿ, ಆದರೆ ಪ್ಲಾನ್ ನಿಮ್ಮ ತಲೆಯಲ್ಲೂ ಇರಲಿ.

ಪರಿಹಾರ ಕಷ್ಟವೇನಲ್ಲ. ಶನಿವಾರ ಬೆಳಿಗ್ಗೆ ಡೈವ್ ಮುಗಿಸಿ. ರಾತ್ರಿ ಕರಾವಳಿಯಲ್ಲೇ ಉಳಿಯಿರಿ, ಮೀನೂಟ ಮಾಡಿ. ಭಾನುವಾರ ಬೆಳಿಗ್ಗೆ ಘಾಟಿ ಹತ್ತಿ. ಬೆಂಗಳೂರಿಗೆ ಹೊರಡೋರಿಗೂ ಇದೇ ಮಾತು. ನಮ್ಮ ಬೆಂಗಳೂರೂ ಸುಮಾರು 900 ಮೀಟರ್ ಎತ್ತರದಲ್ಲಿದೆ, ಮರೀಬೇಡಿ.

ದೋಣಿ ಹತ್ತುವ ಮುಂಚೆ ನಾಚಿಕೊಳ್ಳದೆ ಕೇಳಿ: ಎಷ್ಟು ಆಳ? ಎಷ್ಟು ಹೊತ್ತು? ಎಷ್ಟು ಗಾಳಿ ಉಳಿದಾಗ ವಾಪಸ್? ಇಳಿದು ಬಂದ ಮೇಲೆ ಗಡಿಯಾರ ನೋಡಿ, ಸಮಯ ಬರೆದಿಟ್ಟುಕೊಳ್ಳಿ. ಕೊಡಚಾದ್ರಿ ಎಲ್ಲೂ ಓಡಿಹೋಗಲ್ಲ. ಸೂರ್ಯ ನಾಳೆಯೂ ಅಲ್ಲೇ ಮುಳುಗ್ತಾನೆ.