ವಿದ್ಯಾರ್ಥಿಗಳ ಮನೋವ್ಯಥೆಯೂ ಆಪ್ತಸಮಾಲೋಚನೆಯೂ

(ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಭಾಷಣ)



ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಇವು ಮೂರೂ ಬೇಕೆಂಬುದನ್ನು ನಮ್ಮ ನಾಡಿನ ಮಠಗಳು ಬಹುಕಾಲದ ಹಿಂದೆಯೇ ಅರಿತು ಆಚರಿಸಿ ತೋರಿಸಿರುವುವು. ಆದರೆ ನಾಲ್ಕನೆಯದೊಂದು ಅವಶ್ಯಕತೆಯುಂಟು. ಮಗುವು ತನ್ನ ದುಃಖವನ್ನು ಅಂಜಿಕೆಯಿಲ್ಲದೆ ಹೇಳಿಕೊಳ್ಳಲು ತಕ್ಕ ಒಬ್ಬರು ಶಾಲೆಯಲ್ಲಿರಬೇಕು. ಇದನ್ನೇ ಈಗ ಆಪ್ತಸಮಾಲೋಚನೆಯೆಂದು ಕರೆಯುತ್ತಾರೆ.

ಇದು ಹೊಸ ಮಾತೇನೂ ಅಲ್ಲ. ಡಾ. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯಲ್ಲಿ 1964ರಿಂದ 1966ರವರೆಗೆ ಕೆಲಸಮಾಡಿದ ಶಿಕ್ಷಣ ಆಯೋಗವು, ಮಾರ್ಗದರ್ಶನವು ವಿದ್ಯಾಭ್ಯಾಸದ ಅಂಗವೇ ಆಗಿರಬೇಕೆಂದೂ ಪ್ರಾಥಮಿಕ ತರಗತಿಗಳಿಂದಲೇ ಆರಂಭವಾಗಬೇಕೆಂದೂ ಸೂಚಿಸಿದ್ದಿತು. ಆ ಸೂಚನೆಯು ಬಹುಪಾಲು ಕಾಗದದಲ್ಲಿಯೇ ಉಳಿಯಿತು. ಅದರ ಫಲವನ್ನು ಉಣ್ಣುತ್ತಿರುವವರು ನಮ್ಮ ಮಕ್ಕಳು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ನೆಯ ಒಂದೇ ವರ್ಷದಲ್ಲಿ ಭಾರತದಲ್ಲಿ 13,000ಕ್ಕೂ ಮಿಕ್ಕ ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಅದೇ ವರ್ಷ ಎನ್‌.ಸಿ.ಇ.ಆರ್‌.ಟಿ. ಸಂಸ್ಥೆಯು 6ರಿಂದ 12ನೆಯ ತರಗತಿಯವರೆಗಿನ 3,79,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ವಿಚಾರಿಸಿದಾಗ, ನೂರಕ್ಕೆ 81 ಮಂದಿ ತಮ್ಮ ಕಳವಳಕ್ಕೆ ಓದು, ಪರೀಕ್ಷೆ, ಫಲಿತಾಂಶಗಳೇ ಕಾರಣವೆಂದು ಹೇಳಿದರು.

ಆದರೆ ಪರೀಕ್ಷೆಯೊಂದೇ ಕಾರಣವೆಂದು ತಿಳಿಯುವುದು ತಪ್ಪು. ಒಬ್ಬ ಹುಡುಗನು ದಿನವೂ ಪಾಠದ ಹೊತ್ತಿನಲ್ಲಿ ತೂಕಡಿಸುತ್ತಾನೆಂದು ಊಹಿಸೋಣ. ಸೋಮಾರಿಯೆಂದು ಅವನನ್ನು ಬೆಂಚಿನ ಮೇಲೆ ನಿಲ್ಲಿಸುವುದು ಸುಲಭವು. ಕುಡಿದು ಬರುವ ತಂದೆಯಿಂದ ತಾಯಿಯನ್ನು ಕಾಯಲು ಅವನು ನಡುರಾತ್ರಿಯವರೆಗೂ ಎಚ್ಚರವಾಗಿರುವನೆಂಬುದು ಕೇಳಿದ ಹೊರತು ತಿಳಿಯದು. ಬಡತನ, ಸಹಪಾಠಿಗಳ ಅಪಹಾಸ್ಯ, ಮನೆಯಿಂದ ಅಗಲಿದ ದುಃಖ, ಬಾಯಿಬಿಟ್ಟು ಹೇಳಲಾಗದ ದೌರ್ಜನ್ಯ, ಮನಸ್ಸಿನ ರೋಗ ಇವೆಲ್ಲವೂ ಹೊರಗಿನಿಂದ ನೋಡಿದಾಗ ಒಂದೇ ರೂಪದಲ್ಲಿ ತೋರುವುವು: ಮಗುವು ಓದುತ್ತಿಲ್ಲ, ಅಷ್ಟೆ.

“ನಮ್ಮ ಕಾಲದಲ್ಲಿ ಇದೆಲ್ಲ ಇತ್ತೇ?” ಎಂದು ಹಿರಿಯರು ಕೇಳಬಹುದು. ಇದ್ದಿತು, ಹೆಸರು ಬೇರೆಯಾಗಿದ್ದಿತು. ಅಜ್ಜಿಯ ಮಡಿಲು, ಸೋದರಮಾವನ ಮನೆ, ಊರ ಹಿರಿಯರ ಕಟ್ಟೆ ಇವು ಆ ಕೆಲಸವನ್ನು ತಕ್ಕಮಟ್ಟಿಗೆ ಮಾಡುತ್ತಿದ್ದುವು. ಹತ್ತು ವರ್ಷದ ಬಾಲಕನು ಹಳ್ಳಿಯನ್ನು ಬಿಟ್ಟು ವಿದ್ಯಾರ್ಥಿನಿಲಯಕ್ಕೆ ಬಂದಾಗ ಇವುಗಳಲ್ಲಿ ಒಂದೂ ಅವನೊಡನೆ ಬರುವುದಿಲ್ಲ. ಅವನನ್ನು ಕರೆತಂದು ಇರಿಸಿಕೊಂಡವರು ನಾವು. ಆದುದರಿಂದ ಆ ತೆರವನ್ನು ತುಂಬುವ ಹೊಣೆಯೂ ನಮ್ಮದೇ.

ಆಪ್ತಸಮಾಲೋಚನೆಯು ಉಪದೇಶವಲ್ಲ. ಉಪದೇಶದಲ್ಲಿ ಹಿರಿಯರು ಮಾತನಾಡುತ್ತಾರೆ, ಮಗುವು ಕೇಳುತ್ತದೆ. ಇಲ್ಲಿ ಮಗುವು ಮಾತನಾಡಬೇಕು, ಹಿರಿಯರು ಕೇಳಬೇಕು. ಇದಕ್ಕೆ ತರಬೇತಿ ಬೇಕು. ಸಮಾಲೋಚಕರು ಅಂಕಗಳನ್ನು ಕೊಡುವವರೂ ದಂಡಿಸುವವರೂ ಆಗಿರಬಾರದು. ಮಗುವು ಹೇಳಿದುದನ್ನೆಲ್ಲ ಅವರು ಮುಖ್ಯೋಪಾಧ್ಯಾಯರಿಗೆ ವರದಿಮಾಡಿದರೆ ಎರಡನೆಯ ಮಗುವು ಆ ಬಾಗಿಲಿಗೆ ಬಾರದು. ಆದರೂ ಗುಟ್ಟಿಗೆ ಒಂದು ಮಿತಿಯುಂಟು. ಪ್ರಾಣಕ್ಕೆ ಅಪಾಯವಿದ್ದರೆ ತಿಳಿಸಲೇಬೇಕು. ಲೈಂಗಿಕ ದೌರ್ಜನ್ಯವು ತಿಳಿದುಬಂದರೆ 2012ರ ಪೋಕ್ಸೋ ಕಾಯಿದೆಯಂತೆ ಪೋಲೀಸರಿಗೆ ವರದಿಮಾಡುವುದು ಕಡ್ಡಾಯವು. ಈ ಮಿತಿಯನ್ನು ಮಗುವಿಗೆ ಮೊದಲೇ ಹೇಳುವುದು ಪ್ರಾಮಾಣಿಕತೆಯ ಲಕ್ಷಣವು.

ಇನ್ನೊಂದು ಭ್ರಾಂತಿಯನ್ನು ನಿವಾರಿಸಬೇಕಾಗಿದೆ. ಸಾವಿನ ವಿಚಾರವನ್ನು ಕೇಳಿದರೆ ಆ ಆಲೋಚನೆಯನ್ನು ನಾವೇ ಹುಟ್ಟಿಸಿದಂತಾಗುವುದೆಂದು ಹಲವರು ಅಂಜುತ್ತಾರೆ. ಹಾಗಾಗುವುದಿಲ್ಲವೆಂಬುದು ಮನೋವೈದ್ಯರು ಪರೀಕ್ಷಿಸಿ ಕಂಡುಕೊಂಡಿರುವ ಸಂಗತಿಯು. “ಬದುಕುವುದೇ ಬೇಡವೆನಿಸುತ್ತಿದೆಯೇ, ಮಗು?” ಎಂದು ಮೃದುವಾಗಿ, ನೇರವಾಗಿ ಕೇಳಬಹುದು. ಹೌದೆಂದರೆ ಗದರಿಸದೆ, ಒಂಟಿಯಾಗಿ ಬಿಡದೆ, ನಂಬಿಕೆಯ ಹಿರಿಯರಿಗೆ ತಿಳಿಸಿ ವೈದ್ಯರ ಬಳಿಗೆ ಕರೆದೊಯ್ಯಬೇಕು.

2025ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಿಷಯದಲ್ಲಿ ಸ್ಪಷ್ಟವಾದ ನಿರ್ದೇಶಗಳನ್ನಿತ್ತಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಯು ಅರ್ಹರಾದ ಒಬ್ಬ ಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜಕಾರ್ಯಕರ್ತರನ್ನೋ ನೇಮಿಸತಕ್ಕದ್ದು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಏರ್ಪಾಡನ್ನು ಮಾಡಿಕೊಳ್ಳತಕ್ಕದ್ದು. ಸಿಬ್ಬಂದಿಗೆಲ್ಲ ವರ್ಷಕ್ಕೆ ಎರಡಾವರ್ತಿ ತರಬೇತಿಯಾಗತಕ್ಕದ್ದು. ದ್ರವ್ಯವಿಲ್ಲವೆಂದು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರದ ಸಹಾಯವಾಣಿಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ದುಡ್ಡಿಲ್ಲದೆ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ಸಂಕಟದಲ್ಲಿರುವ ಮಕ್ಕಳಿಗೆ 1098 ಎಂಬ ಸಂಖ್ಯೆಯುಂಟು.

ಮಹನೀಯರೆ, ಸಂಸ್ಥೆಗಳನ್ನು ನಡೆಸುತ್ತಿರುವ ತಮ್ಮಲ್ಲಿ ನನ್ನ ಬಿನ್ನಹಗಳು ಮೂರು. ಪ್ರತಿಯೊಂದು ಶಾಲೆಯಲ್ಲಿಯೂ ವಿದ್ಯಾರ್ಥಿನಿಲಯದಲ್ಲಿಯೂ ಮಾತು ಹೊರಗೆ ಕೇಳಿಸದಂತಹ ಒಂದು ಕೋಣೆಯಿರಲಿ. ಅಲ್ಲಿ ಕುಳಿತು ಆಲಿಸಲು ತರಬೇತಿ ಹೊಂದಿದ ಒಬ್ಬರಿರಲಿ; ಹೆಣ್ಣುಮಕ್ಕಳಿರುವಲ್ಲಿ ಒಬ್ಬ ಮಹಿಳೆಯೂ ಇರಲಿ. ಕಡಮೆ ಅಂಕಗಳನ್ನು ಎಲ್ಲರ ಮುಂದೆ ಓದಿ ನಾಚಿಸುವ ಪದ್ಧತಿಯು ಇಂದಿಗೇ ನಿಲ್ಲಲಿ. ಕಟ್ಟಡ ಕಟ್ಟಿಸಿದವರ ಹೆಸರನ್ನು ನಾವು ಕಲ್ಲಿನಲ್ಲಿ ಕೆತ್ತಿಸುತ್ತೇವೆ. ಆಲಿಸಿ ಮಗುವನ್ನು ಉಳಿಸಿದವರ ಹೆಸರು ಎಲ್ಲಿಯೂ ಕೆತ್ತಲ್ಪಡುವುದಿಲ್ಲ. ಆ ಮಗುವು ಮಾತ್ರ ಮರುದಿನ ಎಂದಿನಂತೆ ಶಾಲೆಗೆ ಬರುವುದು. ಅಷ್ಟು ಸಾಲದೇ?