ಒಳಹೊರಗೊಂದಾದ ಕಾಯಕ

(ಶ್ರಾವಣ ಮಾಸದ ಶಿವಾನುಭವಗೋಷ್ಠಿಯಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನ)



ಕಳೆದ ಹುಣ್ಣಿಮೆಯ ಮರುದಿನ ಭಕ್ತರೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ಶ್ರೀಮಠಕ್ಕೆ ಬಂದಿದ್ದರು. ಧಾರವಾಡ ಸೀಮೆಯ ಒಕ್ಕಲುತನದ ಮನೆತನ. ಹೊಲದ ಮೇಲೆ ಸಾಲ ತೆಗೆದು ಮಗಳಿಗೆ ಇಂಜಿನಿಯರಿಂಗ್ ಓದಿಸಿದವರು. ಆಕೆ ಬೆಂಗಳೂರಿನ ದೊಡ್ಡ ಕಂಪನಿಯೊಂದರಲ್ಲಿ ಎಂಟು ವರ್ಷ ದುಡಿದು ಆ ಸಾಲ ತೀರಿಸಿದಳು, ತಮ್ಮನ ಓದು ಮುಗಿಸಿದಳು. ಈಗ ನೌಕರಿಗೆ ರಾಜೀನಾಮೆ ಕೊಟ್ಟು, ಊರಿಗೆ ಬಂದು ಕಸೂತಿಯ ಉದ್ಯೋಗ ಮಾಡುವೆನೆನ್ನುತ್ತಾಳೆ. ತಂದೆಗೆ ಸಂಕಟ. "ಅಪ್ಪಾರ, ತಿಂಗಳಾ ಬರೋ ಪಗಾರ ಬಿಟ್ಟು ಸೂಜಿ ಹಿಡೀತೀನಿ ಅಂತಾಳ್ರಿ. ನೀವು ಹೇಳಿದ್ರ ಕೇಳತಾಳ. ಇಕೀಗೆ ಒಂದೀಟು ಬುದ್ಧಿ ಹೇಳ್ರಿ" ಎಂದರು. ಮಗಳು ತಲೆ ತಗ್ಗಿಸಿ ಕುಳಿತಿದ್ದಳು.

ನಾವು ಕೂಡಲೇ ಉತ್ತರ ಕೊಡಲಿಲ್ಲ. ಅದಕ್ಕೊಂದು ಕಾರಣವುಂಟು. ಅದನ್ನು ನಿಮ್ಮೆದುರು ಮುಚ್ಚಿಡಬಾರದು. ಹತ್ತು ವರ್ಷಗಳ ಹಿಂದೆ ನಮ್ಮ ಪ್ರಸಾದನಿಲಯದಲ್ಲಿ ಓದಿ ದೊಡ್ಡ ನೌಕರಿ ಹಿಡಿದ ಹುಡುಗನೊಬ್ಬ ಇದೇ ಬಗೆಯ ಪ್ರಶ್ನೆ ಹೊತ್ತು ಬಂದಿದ್ದ. ಮರದಲ್ಲಿ ಬೊಂಬೆ ಕೆತ್ತುವುದು ಅವನ ಆಸೆ. ನಾವು ಅವನ ಮಾತನ್ನು ಪೂರ್ತಿ ಕೇಳಲೇ ಇಲ್ಲ. "ತಂದೆತಾಯಿಗಳ ಕಷ್ಟ ನೆನೆ, ಹುಚ್ಚು ಬಿಡು" ಎಂದು ವಿಭೂತಿ ಹಚ್ಚಿ ಕಳುಹಿಸಿಬಿಟ್ಟೆವು. ಅವನು ಮರುಮಾತಾಡದೆ ಹಿಂದಿರುಗಿದ. ಇಂದಿಗೂ ವರ್ಷ ತಪ್ಪದೆ ದಾಸೋಹಕ್ಕೆ ಕಾಣಿಕೆ ಕಳುಹಿಸುತ್ತಾನೆ. ಆದರೆ ಆ ದಿನದಿಂದೀಚೆಗೆ ನಮ್ಮನ್ನು ಒಂದು ಪ್ರಶ್ನೆಯನ್ನೂ ಕೇಳಿಲ್ಲ. ನಮ್ಮ ಹುಡುಗರು ಇಂಥ ಕಂಪನಿಯಲ್ಲಿದ್ದಾರೆ, ಇಷ್ಟು ಸಂಬಳ ತರುತ್ತಾರೆ ಎಂದು ಇದೇ ಪೀಠದ ಮೇಲೆ ಕುಳಿತು ನಾವೇ ಎಷ್ಟೋ ಸಲ ಹೆಮ್ಮೆಪಟ್ಟಿದ್ದೇವೆ. ಆ ಹೆಮ್ಮೆಯೇ ಅಂದು ನಮ್ಮ ಕಿವಿಯನ್ನು ಮುಚ್ಚಿತ್ತು.

ಸಂಸ್ಕೃತದಲ್ಲಿ 'ವೃತ್ತಿ' ಎಂಬ ಶಬ್ದವುಂಟು. ಅದರ ಮೂಲಧಾತು 'ವೃತ್'. ಇರುವುದು, ನಡೆಯುವುದು ಎಂದು ಅದರರ್ಥ. ಅಂದ ಮೇಲೆ ವೃತ್ತಿಯೆಂದರೆ ಹೊಟ್ಟೆಪಾಡಷ್ಟೇ ಅಲ್ಲ; ಮನುಷ್ಯನು ಹೇಗಿರುತ್ತಾನೆ, ಹೇಗೆ ನಡೆಯುತ್ತಾನೆ ಎಂಬುದೂ ಹೌದು. ನಮ್ಮ ಶರಣರು ಅದಕ್ಕೆ 'ಕಾಯಕ' ಎಂದು ಹೆಸರಿಟ್ಟು ಅದನ್ನು ಪೂಜೆಗೆ ಸಮನಾಗಿಸಿದರು. ಸೂಜಿಯೆಂದರೆ ಹಗುರವಾಗಿ ಕಂಡಿತೇ? 12ನೆಯ ಶತಮಾನದ ಶರಣನೊಬ್ಬನ ಹೆಸರೇ ಸೂಜಿಕಾಯಕದ ರಾಮಿತಂದೆ. ಕೈಯೊಳಗಿನ ಸೂಜಿಯೇ ಅವನಿಗೆ ಬಿರುದಾಯಿತು.

ಹಾಗೆಂದು ನೌಕರಿ ಬಿಡುವುದೇ ದೊಡ್ಡ ತ್ಯಾಗವೆಂದು ತಿಳಿಯಬೇಡಿರಿ. ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿ ಭಂಡಾರಿಗಳಾಗಿದ್ದು, ಲೆಕ್ಕಪತ್ರಗಳ ನಡುವೆಯೇ ಶರಣಜೀವನ ನಡೆಸಿದರು. ಮೋಳಿಗೆಯ ಮಾರಯ್ಯನಾದರೋ ಕಾಶ್ಮೀರದ ಅರಸುತನ ತೊರೆದು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರಿದನೆಂದು ನಮ್ಮ ಪುರಾಣಗಳು ಹೇಳುತ್ತವೆ. ಒಬ್ಬರು ಅಧಿಕಾರದಲ್ಲಿ ಉಳಿದರು, ಇನ್ನೊಬ್ಬರು ಅಧಿಕಾರವನ್ನು ಬಿಟ್ಟರು, ಇಬ್ಬರೂ ಶರಣರೇ. ಆದುದರಿಂದ ಬಿಟ್ಟದ್ದೇನು, ಹಿಡಿದದ್ದೇನು ಎಂಬುದಕ್ಕಿಂತ ಹಿಡಿದದ್ದನ್ನು ಹೇಗೆ ನಡೆಸುತ್ತೇವೆ ಎಂಬುದೇ ಮುಖ್ಯ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಮಗಳನ್ನು ಕೇಳಿದೆವು: "ತಾಯಿ, ಅಲ್ಲಿ ಬೇಸರವಾಯಿತೆಂದು ಬರುತ್ತಿರುವೆಯೋ, ಇಲ್ಲಿ ಪ್ರೀತಿಯಿದೆಯೆಂದು ಬರುತ್ತಿರುವೆಯೋ? ಬೇಸರದಿಂದ ಬಂದವರಿಗೆ ನಾಲ್ಕು ತಿಂಗಳಲ್ಲಿ ಸೂಜಿಯೂ ಬೇಸರವಾಗುತ್ತದೆ."

ಆಕೆ ಚೀಲದಿಂದ ಒಂದು ಕುಬುಸದ ಬಟ್ಟೆಯನ್ನು ತೆಗೆದು ನಮ್ಮ ಮುಂದಿಟ್ಟಳು. ಅದರ ಮೇಲೆ ತೇರು, ಗೋಪುರ, ಆನೆ. ಅಜ್ಜಿಯಿಂದ ಕಲಿತದ್ದಂತೆ, ನಾಲ್ಕು ವರ್ಷಗಳಿಂದ ರವಿವಾರಗಳಲ್ಲಿ ಕುಳಿತು ಹೊಲಿಯುತ್ತಿದ್ದಾಳೆ. ತಾಯಂದಿರಿಗೆ ಗೊತ್ತಿರುವುದೇ: ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಬಗೆ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಹೊಲಿಯಬೇಕು. ಗವಂತಿಯಲ್ಲಿ ಹೋಗುವಾಗ ಬಿಟ್ಟ ಜಾಗವನ್ನು ಮರಳಿ ಬರುವಾಗ ತುಂಬುತ್ತಾರೆ. ದಾರಕ್ಕೆ ಗಂಟು ಹಾಕುವುದಿಲ್ಲ. ಗವಂತಿ, ಮುರ್ಗಿಗಳಲ್ಲಿ ಮೇಲ್ಮಗ್ಗುಲು ಹೇಗೋ ಒಳಮಗ್ಗುಲೂ ಹಾಗೆಯೇ. ನಾವು ಬಟ್ಟೆಯನ್ನು ತಿರುವಿ ನೋಡಿದೆವು. ಯಾವುದು ಹೊರಗು, ಯಾವುದು ಒಳಗು ಎಂದು ತಿಳಿಯಲಿಲ್ಲ.

ಆಕೆಯೇ ಇನ್ನೊಂದು ಸಂಗತಿ ಹೇಳಿದಳು. ವ್ಯಾಪಾರಿಯೊಬ್ಬ, "ಯಂತ್ರದಲ್ಲಿ ಹಾಕಿಸಿ ಕೈಕಸೂತಿಯೆಂದು ಮಾರೋಣ, ತಿಂಗಳಿಗೆ ನೂರು ಸೀರೆ ತೆಗೆದುಕೊಳ್ಳುತ್ತೇನೆ" ಎಂದನಂತೆ. ಆಕೆ ಒಪ್ಪಲಿಲ್ಲ. ಯಂತ್ರದ ಕೆಲಸ ಪಾಪವಲ್ಲ. ಅದನ್ನು ಯಂತ್ರದ್ದೆಂದೇ ಮಾರಿದರೆ ಅದೂ ಕಾಯಕವೇ. ಆದರೆ ಇದಕ್ಕೆ ಅದರ ಹೆಸರಿಟ್ಟು ಮಾರಿದರೆ ಹೊರಗೊಂದು ಒಳಗೊಂದು. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಹೇಳಿದಳಲ್ಲವೇ? ಈ ಮಗಳು ನೂರು ಸೀರೆಗಳನ್ನು ಹಾಗೆಯೇ ಸುರಿದು ಬಂದಿದ್ದಳು. ನಮಗೆ ಸಂತೋಷವಾಯಿತು.

ಆದರೆ ಮುಂದಿನ ಪ್ರಶ್ನೆಗೆ ಆಕೆ ತಡವರಿಸಿದಳು. "ಊರಿನ ಹೆಣ್ಣುಮಕ್ಕಳು ನಿನಗಾಗಿ ಹೊಲಿಯುತ್ತಾರೆ ಎಂದೆ. ಅವರಿಗೆ ಕೂಲಿ ಯಾವಾಗ ಕೊಡುವೆ?" ಎಂದು ಕೇಳಿದೆವು. "ಸೀರೆ ಮಾರಾಟವಾದ ಮೇಲೆ, ಅಪ್ಪಾರ" ಎಂದಳು. ನಾವೆಂದೆವು: "ತಪ್ಪಿತು, ತಾಯಿ. ಕಂಪನಿಯಲ್ಲಿ ಗಿರಾಕಿ ಹಣ ಕೊಟ್ಟ ಮೇಲೆಯೇ ನಿನಗೆ ಪಗಾರ ಬರುತ್ತಿತ್ತೇ? ಸಾಹಸ ನಿನ್ನದು, ಲಾಭ ನಿನ್ನದು; ನಷ್ಟವನ್ನು ಮಾತ್ರ ಆ ಬಡವರ ಹೆಗಲಿಗೆ ಹೊರಿಸಬಹುದೇ? ಹೊಲಿಗೆ ಮುಗಿದ ದಿನವೇ ಅವರ ಹಣ ಅವರ ಕೈ ಸೇರಬೇಕು. ಅಷ್ಟು ಹಣವಿಲ್ಲದಿದ್ದರೆ ಹತ್ತು ಸೀರೆಗೆ ಬದಲು ಎರಡೇ ಹೊಲಿಸು. ದಾಸೋಹವೆಂಬುದು ಲಾಭ ಬಂದ ಮೇಲೆ ಮಠಕ್ಕೆ ಕೊಡುವ ಕಾಣಿಕೆಯಲ್ಲ; ದುಡಿದವರ ಪಾಲನ್ನು ಮೊದಲು ತೆಗೆದಿಡುವುದೇ ದಾಸೋಹದ ಮೊದಲ ಮೆಟ್ಟಿಲು." ಆಕೆಯ ಕಣ್ಣು ತುಂಬಿತು. ಲೆಕ್ಕದ ಪುಸ್ತಕ ತೆಗೆದು ಅಲ್ಲಿಯೇ ಬರೆದುಕೊಂಡಳು.

ಲೋಕದ ಮಾತನ್ನೂ ಹೇಳಿದೆವು. ಒಂದು ವರ್ಷದ ಊಟದ ಖರ್ಚು ಬೇರೆ ತೆಗೆದಿಡು. ಹೊಲವನ್ನು ಮತ್ತೆ ಒತ್ತೆಯಿಡಬೇಡ. ಬಂಡವಾಳ ಬೇಕಾದರೆ, 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿಗಳವರೆಗೆ ಒತ್ತೆಯಿಲ್ಲದೆ ಸಾಲವುಂಟು, ಬ್ಯಾಂಕಿನಲ್ಲಿ ವಿಚಾರಿಸು. ಒತ್ತೆಯಿಲ್ಲದಿದ್ದರೂ ಅದು ಸಾಲವೇ ಎಂಬುದನ್ನು ಮಾತ್ರ ಮರೆಯಬೇಡ.

ಬಳಿಕ ತಂದೆಯ ಕಡೆಗೆ ತಿರುಗಿ, "ಯಜಮಾನರೇ, ನಿಮ್ಮ ಭಯ ಸುಳ್ಳಲ್ಲ. ಸಾಲದಲ್ಲಿ ಬೆಂದವರಿಗೆ ಪಗಾರವೇ ನೆರಳು. ಆದರೆ ಎಂಟು ವರ್ಷ ನಿಮ್ಮ ಭಾರ ಹೊತ್ತವಳು ಇಂದು ಒಂದು ಮಾತು ಕೇಳುತ್ತಿದ್ದಾಳೆ" ಎಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ಆ ಬಟ್ಟೆಯನ್ನು ಎತ್ತಿಕೊಂಡು ತಿರುವಿ ನೋಡಿದರು. "ನಮ್ಮವ್ವನ ಕುಬುಸದಾಗ ಹಿಂಗ ಇತ್ರಿ" ಎಂದರು. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಏಳುವಾಗ ಮಾತ್ರ, "ಒಂದು ವರ್ಷ ನೋಡೋಣ್ರೀ, ಅಪ್ಪಾರ" ಎಂದರು.

ಆ ವರ್ಷ ಹೇಗೆ ಕಳೆಯುವುದೋ ಶಿವನೇ ಬಲ್ಲ. ಗೆಲ್ಲುವಳೆಂದು ನಾವು ಭವಿಷ್ಯ ನುಡಿಯಲಾರೆವು. ಆದರೆ ಸೋತರೂ ಮತ್ತೊಬ್ಬರ ಕೂಲಿ ಉಳಿಸಿಕೊಂಡು ಸೋಲಬಾರದು. ಗೆದ್ದರೂ ಸುಳ್ಳು ಹೆಸರಿಟ್ಟು ಗೆಲ್ಲಬಾರದು. ಇದಿಷ್ಟೇ ನಮ್ಮ ಆಶೀರ್ವಾದ.

ನಿಮಗೂ ಒಂದು ಮಾತು. ಮಕ್ಕಳು ಇಂಥ ಪ್ರಶ್ನೆ ತಂದಾಗ, ನಾವು ಅಂದು ಮಾಡಿದ ತಪ್ಪನ್ನು ನೀವು ಮಾಡದಿರಿ. ಮೊದಲು ಪೂರ್ತಿ ಕೇಳಿರಿ. ಪೇಟೆಯಲ್ಲಿ ಕೈಕೆಲಸದ ಬಟ್ಟೆ ಕೊಳ್ಳುವಾಗ ತಿರುವಿ ನೋಡಿರಿ. ಒಳಹೊರಗು ಒಂದೇ ಆಗಿದ್ದರೆ ಚೌಕಾಶಿ ಮಾಡದೆ ಬೆಲೆ ಕೊಡಿರಿ. ದಿನವೂ ಲಿಂಗಪೂಜೆಗೆ ಕುಳಿತಾಗ, ನೌಕರಿಯವರಿರಲಿ, ಒಕ್ಕಲಿಗರಿರಲಿ, ನಿಮ್ಮ ನಿಮ್ಮ ದುಡಿಮೆಯನ್ನೂ ಹಾಗೆಯೇ ಒಮ್ಮೆ ತಿರುವಿ ನೋಡಿಕೊಳ್ಳಿರಿ.

ನಾವು ಆ ಹಳೆಯ ಹುಡುಗನಿಗೆ ಮೊನ್ನೆ ಕಾಗದ ಬರೆಸಿದ್ದೇವೆ. ಕಾಣಿಕೆ ಕಳುಹಿಸದಿದ್ದರೂ ಸರಿ, ಒಮ್ಮೆ ಬಂದು ಹೋಗೆಂದು.

ಎಲ್ಲರಿಗೂ ಸನ್ಮಂಗಳವಾಗಲಿ. ಶರಣು ಶರಣಾರ್ಥಿ.