ಗುಂಡಿ ಖಾಲಿಯಾಯಿತು, ಹೋದದ್ದೆಲ್ಲಿಗೆ?
(ಪ್ರಭುವಿನ ದೀಕ್ಷಾಸ್ನಾನದ ಹಬ್ಬದ ಪ್ರಬೋಧನೆ)



ಯೇಸುಸ್ವಾಮಿ ಜೋರ್ಡಾನ್ ನದಿಯ ನೀರಿಗಿಳಿದ ದಿನವನ್ನು ಇಂದು ನಾವು ಸ್ಮರಿಸುತ್ತೇವೆ. ಆದರೆ ಆ ನದಿಗೆ ಮನುಷ್ಯರು ಮಾಡಿದ್ದೇನು? ಗಲಿಲೇಯ ಸರೋವರದ ಕೆಳಗೆ ಹರಿಯಬೇಕಾದ ನೀರಿನ ಬಹುಪಾಲನ್ನು ಬೇರೆಡೆಗೆ ತಿರುಗಿಸಿಕೊಂಡರು. ದಶಕಗಳ ಕಾಲ ಅದರ ಪಾತ್ರಕ್ಕೆ ಕೊಳಚೆ ನೀರು ಬಿಟ್ಟರು. ಲೋಕವೇ ಪವಿತ್ರವೆನ್ನುವ ನದಿಗೇ ಈ ಗತಿಯಾದರೆ ನಮ್ಮೂರ ಕೆರೆ, ಹಳ್ಳಗಳ ಪಾಡೇನು?

ಬೇರೆಯವರನ್ನು ದೂರುವ ಮುನ್ನ ನಮ್ಮ ತಪ್ಪನ್ನೇ ಒಪ್ಪಿಕೊಳ್ಳುತ್ತೇವೆ. ಕಳೆದ ವರ್ಷ ದೇವಾಲಯದ ವಾರ್ಷಿಕ ಹಬ್ಬಕ್ಕೆ ಮುನ್ನ ಗುರುನಿವಾಸದ ಹಿಂದಿನ ಶೌಚಗುಂಡಿ ತುಂಬಿತ್ತು. ಸಕ್ಕಿಂಗ್ ಗಾಡಿ ಕರೆಸಿದೆವು. ಗುಂಡಿ ಖಾಲಿಯಾಯಿತು, ದುಡ್ಡು ಕೊಟ್ಟು ಕಳಿಸಿದೆವು. "ಎಲ್ಲಿ ಸುರಿಯುತ್ತೀಯಪ್ಪಾ?" ಎಂದು ಕೇಳಲಿಲ್ಲ. ಹಬ್ಬದ ಮರುದಿನ ಕೆರೆಯಂಚಿನ ತಾಯಿಯೊಬ್ಬರು ಬಂದು, "ಫಾದರ್, ಚರ್ಚಿಗೆ ಬಂದ ಗಾಡಿ ನಮ್ಮ ಕೆರೆ ಕಾಲುವೆಗೇ ಸುರಿದು ಹೋಯ್ತು" ಎಂದರು. ನಾವು ತಲೆ ತಗ್ಗಿಸಿದೆವು.

ಹಾಗೆ ಸುರಿದರೆ ಆಗುವುದೇನು? ಮಲದ ಕೆಸರನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಬಳಸಿಕೊಳ್ಳುತ್ತವೆ. ಮೀನು ಉಸಿರುಗಟ್ಟಿ ಸಾಯುತ್ತದೆ. ಅದರಲ್ಲಿರುವ ಸಾರಜನಕ, ರಂಜಕಗಳನ್ನುಂಡು ಪಾಚಿ ಮತ್ತು ಜಲಕಳೆ ಕೆರೆಯನ್ನೇ ಮುಚ್ಚುತ್ತವೆ. ಟೈಫಾಯ್ಡ್, ಕಾಲರಾ, ಕಾಮಾಲೆಯ ರೋಗಾಣುಗಳು, ಜಂತುಹುಳುವಿನ ಮೊಟ್ಟೆಗಳು ಬಾವಿಗೂ ಹೊಲಕ್ಕೂ ಸೇರುತ್ತವೆ. ಮೊದಲು ನರಳುವವರು ಬಡವರ ಮಕ್ಕಳು.

ಇದಕ್ಕೆ ದಾರಿಯಿಲ್ಲವೆನ್ನಬೇಡಿ. ಬೆಂಗಳೂರಿನ ವಿಮಾನ ನಿಲ್ದಾಣದ ಬಳಿಯ ದೇವನಹಳ್ಳಿಯನ್ನು ನೋಡಿ. ಒಳಚರಂಡಿಯಿಲ್ಲದೆ ಗುಂಡಿಗಳನ್ನೇ ನೆಚ್ಚಿದ್ದ ಆ ಪಟ್ಟಣದಲ್ಲಿ 2015ರಲ್ಲಿ ಒಂದು ಪುಟ್ಟ ಮಲಕೆಸರು ಸಂಸ್ಕರಣಾ ಘಟಕ ಆರಂಭವಾಯಿತು. ಇಡೀ ಪಟ್ಟಣಕ್ಕೆಂದು ಕಟ್ಟಿದ ಇಂಥ ಘಟಕಗಳಲ್ಲಿ ಅದು ದೇಶದಲ್ಲೇ ಮೊದಲನೆಯದು. ಸಾಮರ್ಥ್ಯ ದಿನಕ್ಕೆ ಸುಮಾರು 6,000 ಲೀಟರ್, ಅಷ್ಟೇ.

ಅಲ್ಲಿನ ವಿಧಾನವೂ ಸರಳ. ಗಾಡಿ ತಂದದ್ದನ್ನು ಜಾಲರಿಯ ಮೂಲಕ ಬಿಟ್ಟಾಗ ಬಟ್ಟೆ, ಪ್ಲಾಸ್ಟಿಕ್ ಅಲ್ಲೇ ಉಳಿಯುತ್ತವೆ. ಗಾಳಿಯಾಡದ ತೊಟ್ಟಿಗಳಲ್ಲಿ ಸೂಕ್ಷ್ಮಜೀವಿಗಳು ಕೆಸರನ್ನು ಕರಗಿಸುತ್ತವೆ. ಉಳಿದ ಕೆಸರು ಒಣಗುವ ಹಾಸಿನ ಮೇಲೆ ಬಿಸಿಲಿಗೆ ಒಣಗುತ್ತದೆ. ಊರಿನ ಹಸಿ ಕಸದೊಡನೆ ಸೇರಿಸಿ ಬಿಸಿಯೇರಿಸಿ ಕೊಳೆಸಿದಾಗ ರೋಗಾಣುಗಳು ಸತ್ತು ಗೊಬ್ಬರವಾಗುತ್ತದೆ. ಬಸಿದ ನೀರು ಅಡ್ಡಗೋಡೆಗಳ ತೊಟ್ಟಿಯನ್ನೂ ಗಿಡ ನೆಟ್ಟ ಜಲ್ಲಿಹಾಸನ್ನೂ ದಾಟಿ ತಿಳಿಯಾಗುತ್ತದೆ. ದೊಡ್ಡ ಯಂತ್ರಗಳು ಬೇಕಿಲ್ಲ. ಹೆಚ್ಚಿನ ಕೆಲಸವನ್ನು ಇಳಿಜಾರು, ಬಿಸಿಲು, ಬೇರುಗಳೇ ಮಾಡುತ್ತವೆ. ಕೆರೆಗೆ ವಿಷವಾಗಬಹುದಾಗಿದ್ದದ್ದು ಹೊಲಕ್ಕೆ ಅನ್ನವಾಗುತ್ತದೆ.

ಪ್ರಿಯರೇ, ಘಟಕಕ್ಕೂ ಒಂದು ಮಿತಿಯಿದೆ. ತನ್ನ ಬಾಗಿಲಿಗೆ ಬಂದದ್ದನ್ನು ಮಾತ್ರ ಅದು ಶುದ್ಧಮಾಡಬಲ್ಲದು. ನಡುರಾತ್ರಿ ಕಾಲುವೆಗೆ ಸುರಿದದ್ದನ್ನು ಯಾವ ಘಟಕವೂ ತೊಳೆಯಲಾರದು. ಆದ್ದರಿಂದ ಕೆರೆಯ ಕಾವಲು ನಮ್ಮ ಮನೆಯ ಹಿತ್ತಿಲಿನಿಂದಲೇ ಶುರುವಾಗಬೇಕು.

ಮನೆ ಗೆದ್ದು ಮಾರು ಗೆಲ್ಲು ಎಂದಿದ್ದಾರೆ ಹಿರಿಯರು. ಗಾಡಿ ಬಂದಾಗ ಎಲ್ಲಿಗೆ ಒಯ್ಯುತ್ತಾರೆಂದು ಕೇಳೋಣ. ಗುಂಡಿಗೆ ಬಟ್ಟೆ, ಪ್ಲಾಸ್ಟಿಕ್ ಹಾಕದಿರೋಣ. ಯಾರನ್ನೂ ಗುಂಡಿಗೆ ಇಳಿಸದಿರೋಣ. 2013ರ ಕಾನೂನು ಅದನ್ನು ನಿಷೇಧಿಸಿದೆ, ನಮ್ಮ ಮನಸ್ಸಾಕ್ಷಿ ಅದಕ್ಕೂ ಮೊದಲೇ ನಿಷೇಧಿಸಬೇಕಿತ್ತು. ನಮ್ಮ ಊರಿಗೂ ಇಂಥ ಘಟಕ ಬೇಕೆಂದು ಎಲ್ಲ ಧರ್ಮದ ನೆರೆಹೊರೆಯವರ ಜೊತೆಗೂಡಿ ಪುರಸಭೆಯನ್ನು ಕೇಳೋಣ. ಮೊದಲ ಸಹಿ ನಮ್ಮದು.

ಪ್ರಭು ಇಳಿದು ಪವಿತ್ರಗೊಳಿಸಿದ ನೀರಿನಿಂದಲೇ ನಾವು ಹೊಸಜನ್ಮ ಪಡೆದವರು. ಅದನ್ನು ಕಲುಷಿತಗೊಳಿಸದೆ ಮಕ್ಕಳ ಕೈಗೊಪ್ಪಿಸುವ ಕೃಪೆಯನ್ನು ದೇವರು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.